ಪುಟ್ಟ ಮಗುವಿನ ಜೊತೆ ಐದು ದಿನ ಆಮ್‌ಸ್ಟರ್‌ಡ್ಯಾಮ್: ಶಿವಮೊಗ್ಗದಿಂದ ಹೊರಡುವ ಮೊದಲು

ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ಯುರೋಪಿಗೆ ಹೋಗಬೇಕು ಅಂತಿದ್ದರೆ ಮೊದಲು ಊರುಗಳ ಪಟ್ಟಿ ಹರಿದು ಹಾಕಿ. ಒಂದೇ ಊರು ಇಟ್ಟುಕೊಳ್ಳಿ. ನಮಗೆ ಒಬ್ಬ ಏಜೆಂಟ್ ಕೊಟ್ಟ ಪ್ಲ್ಯಾನ್‌ನಲ್ಲಿ ಎಂಟು ದಿನಕ್ಕೆ ಐದು ಊರು ಇತ್ತು. ಅದನ್ನು ಊಟದ ಟೇಬಲ್ ಮೇಲೆ ಹರಡಿಕೊಂಡು ಓದುವಾಗ ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ಇದರಲ್ಲಿ ಮಗಳು ಮಧ್ಯಾಹ್ನ ಮಲಗೋದು ಎಲ್ಲಿ?" ಅದಕ್ಕೆ ಆ ಪ್ಲ್ಯಾನ್‌ನಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನೇ ಮುಂದೆ ಇಟ್ಟುಕೊಂಡು ನಾವು ಎಲ್ಲವನ್ನೂ ಹೊಸದಾಗಿ ಯೋಚಿಸಿದೆವು.

ನಾವು ಆರಿಸಿದ್ದು ಆಮ್‌ಸ್ಟರ್‌ಡ್ಯಾಮ್. ಕಾರಣ ಸರಳ. ಬೆಂಗಳೂರಿನಿಂದ ನೇರ ವಿಮಾನ ಇದೆ. ಪ್ಯಾರಿಸ್, ಲಂಡನ್, ಫ್ರಾಂಕ್‌ಫರ್ಟ್‌ಗೂ ನೇರ ವಿಮಾನ ಇದೆ, ಅವೂ ಆಗುತ್ತವೆ (ಲಂಡನ್ನಿಗೆ ವೀಸಾ ಮಾತ್ರ ಬೇರೆ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್‌ಗೆ ಅದು ಸೇರಿಲ್ಲ). ಆದರೆ ಮಧ್ಯದಲ್ಲಿ ಒಂದು ಕಡೆ ಇಳಿದು, ನಿದ್ದೆಗಣ್ಣಿನ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಇನ್ನೊಂದು ಗೇಟಿಗೆ ಓಡುವ ಟಿಕೆಟ್ ಎಷ್ಟೇ ಅಗ್ಗ ಇದ್ದರೂ ಬೇಡ. ಎರಡನೇ ಕಾರಣ, ಊರು ಚಿಕ್ಕದು. ಸ್ಕಿಪೋಲ್ ವಿಮಾನ ನಿಲ್ದಾಣದ ಕೆಳಗೇ ರೈಲ್ವೆ ಸ್ಟೇಷನ್ ಇದೆ. ಅಲ್ಲಿಂದ ಸೆಂಟ್ರಲ್ ಸ್ಟೇಷನ್ನಿಗೆ ಕಾಲು ಗಂಟೆಯ ದಾರಿ.

ಯಾವಾಗ ಹೋಗೋದು? ನಮ್ಮ ಶಾಲೆಗಳ ಬೇಸಿಗೆ ರಜೆ ಶುರುವಾಗುವ ಏಪ್ರಿಲ್ ಮಧ್ಯಭಾಗ ತುಂಬಾ ಒಳ್ಳೆಯದು. ಟ್ಯೂಲಿಪ್ ಹೂವಿನ ಕಾಲ ಅದೇ. ಆದರೆ ಏಪ್ರಿಲ್ 27 ಅಲ್ಲಿ ರಾಜನ ದಿನ. ಊರಿಡೀ ಕಿತ್ತಳೆ ಬಟ್ಟೆ ಹಾಕಿಕೊಂಡು ಬೀದಿಗೆ ಇಳಿಯುತ್ತದೆ, ಊರಿನ ನಡುವೆ ಟ್ರಾಮ್ ಓಡುವುದಿಲ್ಲ. ಕೋಟೆ ಮಾರಿಕಾಂಬ ಜಾತ್ರೆಯ ಗದ್ದಲದಲ್ಲಿ ಮಗುವಿನ ಕೈ ಹಿಡಿದು ನಡೆದವರಿಗೆ ಆ ಜನಸಂದಣಿ ಹೇಗಿರುತ್ತದೆ ಅಂತ ಗೊತ್ತು. ಆ ದಿನಕ್ಕೆ ಮೊದಲೇ ವಾಪಸ್ ಹೊರಡುವ ಹಾಗೆ ನೋಡಿಕೊಳ್ಳಿ. ಡಿಸೆಂಬರ್ ಬೇಡ, ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ.

ಇನ್ನು ಕಾಗದ ಪತ್ರ. ಇದಕ್ಕೆ ನಾಲ್ಕೈದು ತಿಂಗಳು ಮೊದಲೇ ಕೈ ಹಾಕಿ. ಮಗುವಿನ ಪಾಸ್‌ಪೋರ್ಟ್ ಶಿವಮೊಗ್ಗದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲೇ ಆಗುತ್ತದೆ. ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಮಾತ್ರ, ಹಾಗಾಗಿ ಕೂಸಿದ್ದಾಗ ಮಾಡಿಸಿದ್ದರೆ ಮುಗಿಯುವ ತಾರೀಖು ಇವತ್ತೇ ತೆಗೆದು ನೋಡಿ. ಅಲ್ಲಿಂದ ಹೊರಡುವ ದಿನದಿಂದ ಕನಿಷ್ಠ 3 ತಿಂಗಳು ಅದು ಉಳಿದಿರಬೇಕು. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೇ ಗಡುವು 15 ದಿನ. ಕೊನೇ ಗಡುವನ್ನು ನಂಬಬೇಡಿ, ಬೇಸಿಗೆ ಹತ್ತಿರ ಬಂದ ಹಾಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯುರೋ. 6 ವರ್ಷ ತುಂಬದ ಮಕ್ಕಳಿಗೆ ವೀಸಾ ಶುಲ್ಕ ಇಲ್ಲ. 12 ವರ್ಷದ ಒಳಗಿನವರಿಗೆ ಬೆರಳಚ್ಚೂ ಇಲ್ಲ. ಮಗುವಿನ ಅರ್ಜಿಗೆ ತಂದೆ ತಾಯಿ ಇಬ್ಬರೂ ಸಹಿ ಹಾಕಬೇಕು. ಪ್ರಯಾಣ ವಿಮೆ 30,000 ಯುರೋಗಿಂತ ಕಡಿಮೆ ಇರಬಾರದು, ಮಗುವಿನ ಹೆಸರೂ ಅದರಲ್ಲಿ ಇರಬೇಕು.

ತೋಟದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಸಂಬಳದವರ ಹಾಗೆ ನಮಗೆ ಒಂದನೇ ತಾರೀಖು ದುಡ್ಡು ಬರುವುದಿಲ್ಲ, ಅಲ್ವಾ? ಕೊಯ್ಲು ಮುಗಿದು, ಅಡಿಕೆ ಮಂಡಿಗೆ ಹೋಗಿ, ರೇಟು ನೋಡಿಕೊಂಡು ಕೊಟ್ಟಾಗ ಒಟ್ಟಿಗೆ ಬರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಆರು ತಿಂಗಳು ಸುಮ್ನೆ ಇದ್ದ ಖಾತೆಗೆ ಒಂದೇ ದಿನ ದೊಡ್ಡ ಮೊತ್ತ ಬಿದ್ದರೆ ವೀಸಾ ಅಧಿಕಾರಿಗೆ ಅದು ಸಾಲ ತಂದು ತೋರಿಸಿದ ಹಾಗೆ ಕಾಣಬಹುದು. ಅದಕ್ಕೆ ಮಂಡಿಯ ಬಿಲ್ಲುಗಳು, ಪಹಣಿ ಮತ್ತು ಅದರ ಇಂಗ್ಲಿಷ್ ಅನುವಾದ, ಎರಡು ಮೂರು ವರ್ಷದ ಐಟಿ ರಿಟರ್ನ್ ಜೊತೆಗಿಡಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದರೂ ರಿಟರ್ನ್‌ನಲ್ಲಿ ತೋರಿಸಿದ್ದರೆ ಒಳ್ಳೆಯದು. ಒಂದು ಪುಟದ ಪತ್ರದಲ್ಲಿ ಅಡಿಕೆ ಬೆಳೆಯ ಲೆಕ್ಕಾಚಾರ ಸರಳವಾಗಿ ಬರೆದು ಕೊಡಿ. ತೋಟ ಇರುವವರು ತೋಟಕ್ಕೆ ವಾಪಸ್ ಬಂದೇ ಬರುತ್ತಾರೆ. ಕಾಗದದಲ್ಲಿ ಅದು ಕಾಣಿಸಬೇಕು, ಅಷ್ಟೇ.

ಶಿವಮೊಗ್ಗದಿಂದ ಬೆಂಗಳೂರು ವಿಮಾನ ನಿಲ್ದಾಣದವರೆಗಿನ ದಾರಿಯನ್ನೂ ಪ್ರವಾಸದ ಒಂದು ದಿನ ಅಂತಲೇ ಲೆಕ್ಕ ಹಾಕಿ. ಯುರೋಪಿನ ವಿಮಾನಗಳು ಸಾಮಾನ್ಯವಾಗಿ ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನದಲ್ಲೇ ಹೋಗುತ್ತೇವೆ ಅಂದರೆ ಹೋಗಿ, ಆದರೆ ಅದೇ ದಿನದ ವಿಮಾನಕ್ಕೆ ಗಂಟು ಹಾಕಬೇಡಿ, ಮಂಜು ಮೋಡ ಬಂದರೆ ಎಲ್ಲವೂ ತಲೆಕೆಳಗು. ಕಾರಿನಲ್ಲಾದರೆ ಬೆಂಗಳೂರು ಊರೊಳಗೆ ಹೋಗುವ ಬದಲು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ. ಬೆಳಿಗ್ಗೆ ಹೊರಟು, ಮಧ್ಯಾಹ್ನ ಹತ್ತಿರದ ಒಂದು ರೂಮಿನಲ್ಲಿ ಮಗುವನ್ನು ಮಲಗಿಸಿ, ರಾತ್ರಿ ಎಬ್ಬಿಸಿಕೊಂಡು ಹೋಗಿ. ಆ ರೂಮಿನ ದುಡ್ಡು ದಂಡ ಅಂತ ಅನ್ನಿಸಬಹುದು. ನಿದ್ದೆ ಆದ ಮಗುವನ್ನು ಹತ್ತು ಗಂಟೆ ಪಕ್ಕದಲ್ಲಿ ಕೂರಿಸಿಕೊಂಡರೆ ಆ ದುಡ್ಡಿಗೆ ಏನು ಸಿಕ್ಕಿತು ಅಂತ ಗೊತ್ತಾಗುತ್ತದೆ.

ಬ್ಯಾಗು ತುಂಬುವಾಗ ಅಜ್ಜಿ ಪಕ್ಕದಲ್ಲೇ ನಿಂತಿರುತ್ತಾರೆ. ಅವರಿಗೆ ಮೊದಲೇ ಹೇಳಿಬಿಡಿ: ತುಪ್ಪದ ಬಾಟಲಿ ಬೇಡ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿನ ಒಕ್ಕೂಟದೊಳಗೆ ತರುವ ಹಾಗಿಲ್ಲ. ತುಪ್ಪ, ಪೇಡ, ಖೋವಾ ಎಲ್ಲವೂ ಅದರಲ್ಲಿ ಸೇರುತ್ತವೆ. ಕರಿಬೇವಿನ ಸೊಪ್ಪೂ ಬೇಡ, ಹಸಿ ಸೊಪ್ಪು ತರಕಾರಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ಬಾಳೆಹಣ್ಣಿಗೆ ಆ ಸರ್ಟಿಫಿಕೇಟ್ ಬೇಕಿಲ್ಲ. ಮಗುವಿನ ಹಾಲಿನ ಪುಡಿ, ಕಂಪನಿ ಪ್ಯಾಕಿನ ಶಿಶು ಆಹಾರ 2 ಕೆ.ಜಿ.ವರೆಗೆ ಒಯ್ಯಬಹುದು, ಪ್ಯಾಕ್ ಒಡೆಯದೆ ಇರಲಿ. ಅವಲಕ್ಕಿ, ರಾಗಿ ಹುಡಿ, ಚಟ್ನಿ ಪುಡಿ, ಮಿಡಿ ಉಪ್ಪಿನಕಾಯಿ ಇವಕ್ಕೆ ತೊಂದರೆ ಇಲ್ಲ. ಉಪ್ಪಿನಕಾಯಿಯನ್ನು ಎರಡು ಕವರ್ ಹಾಕಿ ದೊಡ್ಡ ಬ್ಯಾಗಿನಲ್ಲಿಡಿ. ಜ್ವರದ ಸಿರಪ್, ಓಆರ್‌ಎಸ್, ವೈದ್ಯರ ಚೀಟಿ ಕೈಚೀಲದಲ್ಲಿರಲಿ. ಅಲ್ಲಿ ಮೊದಲು ಬಡಾವಣೆಯ ಕುಟುಂಬ ವೈದ್ಯರಿಗೆ ತೋರಿಸಬೇಕು, ನೇರ ಆಸ್ಪತ್ರೆಗೆ ಹೋಗುವ ರೂಢಿ ಇಲ್ಲ, ಆಂಟಿಬಯಾಟಿಕ್ ಚೀಟಿ ಇಲ್ಲದೆ ಸಿಗುವುದಿಲ್ಲ. ತುರ್ತಿಗೆ 112.

ಮನೆ ಬುಕ್ ಮಾಡುವಾಗ ಫೋಟೋದಲ್ಲಿ ಕಾಲುವೆ ಕಾಣುವ ಕಿಟಕಿ ನೋಡಿ ಮರುಳಾಗಬೇಡಿ. ಮೆಟ್ಟಿಲು ನೋಡಿ. ಕಾಲುವೆ ಪಕ್ಕದ ಹಳೇ ಮನೆಗಳ ಮೆಟ್ಟಿಲು ಅಂದರೆ ನಮ್ಮ ಮಲೆನಾಡಿನ ಮನೆಯ ಅಟ್ಟಕ್ಕೆ ಹತ್ತುವ ಏಣಿಯೇ, ಕಡಿದು ಮತ್ತು ಇಕ್ಕಟ್ಟು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಸ್ಟ್ರೋಲರ್ ಹಿಡಿದು ಮೂರನೇ ಮಹಡಿಗೆ ಹತ್ತಲು ಆಗುವುದಿಲ್ಲ. ಲಿಫ್ಟ್ ಇದೆಯಾ ಅಂತ ಬರೆದು ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ. ಚಿಕ್ಕದೊಂದು ಅಡುಗೆಮನೆ ಇದ್ದರೆ ತುಂಬಾ ಅನುಕೂಲ, ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ಮೊಸರು ಎರಡೂ ಸಿಗುತ್ತವೆ, ಮೊಸರನ್ನ ಆಯಿತಲ್ಲ. ಬಾಡಿಗೆಯ ಮೇಲೆ ಪ್ರವಾಸಿ ತೆರಿಗೆ ಶೇ. 12.5 ಇದೆ, ಬುಕಿಂಗ್ ಬೆಲೆಯಲ್ಲಿ ಅದು ಸೇರಿದೆಯಾ ನೋಡಿಕೊಳ್ಳಿ. ಊರ ನಡುವೆಯೇ ಬೇಕು ಅಂತಿಲ್ಲ. ಟ್ರಾಮ್ ಸ್ಟಾಪ್ ಹತ್ತಿರ ಇದ್ದರೆ ಸಾಕು.

ಟ್ರಾಮ್, ಬಸ್, ಮೆಟ್ರೋ, ರೈಲು ಎಲ್ಲದಕ್ಕೂ ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿ ಹತ್ತಬಹುದು. ಇಳಿಯುವಾಗಲೂ ಮುಟ್ಟಿಸಲೇಬೇಕು, ಮರೆತರೆ ಜಾಸ್ತಿ ದುಡ್ಡು ಹೋಗುತ್ತದೆ. ಗಂಡ ಹೆಂಡತಿಗೆ ಬೇರೆ ಬೇರೆ ಕಾರ್ಡ್ ಬೇಕು. ಹೊರಡುವ ಮೊದಲು ಎರಡರಲ್ಲೂ ವಿದೇಶಿ ಬಳಕೆ ಆನ್ ಮಾಡಿಸಿಕೊಳ್ಳಿ. 4 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ, ತುಂಬಿದವರಿಗೆ ಮಕ್ಕಳ ಟಿಕೆಟ್ ಇದೆ.

ಈಗ ದಿನಗಳ ಮಾತು. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ಏಳಕ್ಕೆ ಏಳುವ ಮಗು ಅಲ್ಲಿ ಮೂರೂವರೆಗೆ ಎದ್ದು ಕೂರುತ್ತದೆ, ಸಂಜೆ ಐದಕ್ಕೆ ತೂಕಡಿಸುತ್ತದೆ. ಅದನ್ನು ಎದುರಿಸಿ ಜಗಳ ಮಾಡಬೇಡಿ, ಅದಕ್ಕೆ ಹೊಂದಿಕೊಳ್ಳಿ. ದಿನಕ್ಕೆ ಒಂದೇ ಜಾಗ, ಅದೂ ಬೆಳಿಗ್ಗೆ. ಮಧ್ಯಾಹ್ನ ರೂಮಿಗೆ ಬಂದು ನಿದ್ದೆ. ಸಂಜೆ ಹತ್ತಿರದ ಪಾರ್ಕು. ನಾವು ಎರಡನೇ ದಿನ ಈ ನಿಯಮ ಮುರಿದು ಮ್ಯೂಸಿಯಂ ಮುಗಿಸಿ ಬೋಟಿಗೆ ಹೋದೆವು. ಅವಳು ಬೋಟ್ ಪೂರ್ತಿ ಅತ್ತಳು, ಹೊರಗೆ ಏನಿತ್ತು ಅಂತ ನಮಗೆ ಇಬ್ಬರಿಗೂ ನೆನಪಿಲ್ಲ. ಅವಳ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ದುಡ್ಡು ಕೊಟ್ಟು ಬೋಟ್ ಹತ್ತುವ ಮೊದಲು ಸೆಂಟ್ರಲ್ ಸ್ಟೇಷನ್ನಿನ ಹಿಂಬಾಗಿಲಿಗೆ ಹೋಗಿ. ಅಲ್ಲಿಂದ ಐ ಅನ್ನುವ ನೀರನ್ನು ದಾಟುವ ಫೆರಿ ಇದೆ, ಪೂರ್ತಿ ಉಚಿತ. ಜನ ಸೈಕಲ್ ಹಿಡಿದುಕೊಂಡು ನಿಂತೇ ಹೋಗುತ್ತಾರೆ, ಐದಾರು ನಿಮಿಷದಲ್ಲಿ ಆಚೆ ದಡ. ಸಿಗಂದೂರಿಗೆ ಸೇತುವೆ ಆಗಿದ್ದು 2025ರ ಜುಲೈನಲ್ಲಿ, ಅದಕ್ಕೆ ಮೊದಲು ನಾವು ಹೊಳೆಬಾಗಿಲಲ್ಲಿ ಲಾಂಚ್ ಹತ್ತಿಸಿದ್ದು ನನ್ನ ಮಗಳಿಗೆ ನೆನಪಿತ್ತು. ಫೆರಿಯ ಮುಂದಿನ ಕಬ್ಬಿಣದ ಹಲಗೆ ದಡರ್ ಅಂತ ಕೆಳಗೆ ಬಿದ್ದದ್ದೇ ತಡ, "ಅಪ್ಪಾ, ಲಾಂಚ್!" ಅಂತ ಕೂಗಿದಳು. ನಾವು ಆವತ್ತು ನಾಲ್ಕು ಸಲ ಆಚೆ ಈಚೆ ಹೋಗಿ ಬಂದೆವು. ಬೇರೆ ಏನೂ ನೋಡಲಿಲ್ಲ.

ಆರ್ಟಿಸ್ ಅನ್ನುವ ಪ್ರಾಣಿ ಸಂಗ್ರಹಾಲಯ ಊರೊಳಗೇ ಇದೆ, 1838ರದ್ದು. ಆನೆಗಾಗಿ ಅಲ್ಲಿ ಸಮಯ ಕಳೆಯಬೇಡಿ. ಸಕ್ರೆಬೈಲಿನಲ್ಲಿ ತುಂಗೆಯ ನೀರಿನಲ್ಲಿ ಆನೆಯ ಮೈ ತಿಕ್ಕುವುದನ್ನು ಹತ್ತಿರದಿಂದ ನೋಡಿದ ನಮ್ಮ ಮಕ್ಕಳಿಗೆ ಅದು ಹೊಸದಲ್ಲ. ಪೆಂಗ್ವಿನ್ ಮತ್ತು ಕಡಲ ಸಿಂಹದ ಹತ್ತಿರ ನಿಲ್ಲಿ. ಮಳೆ ಬಂದ ದಿನಕ್ಕೆ ನೀಮೋ ವಿಜ್ಞಾನ ಮ್ಯೂಸಿಯಂ ಇದೆ, ಹಡಗಿನ ಆಕಾರದ ಹಸಿರು ಕಟ್ಟಡ, ಎಲ್ಲವನ್ನೂ ಮುಟ್ಟಿ ಆಡಬಹುದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ದೊಡ್ಡ ಸಾರ್ವಜನಿಕ ಲೈಬ್ರರಿ. ಪ್ರವೇಶಕ್ಕೆ ದುಡ್ಡಿಲ್ಲ, ಮಕ್ಕಳ ವಿಭಾಗ ಬಹಳ ಚೆನ್ನಾಗಿದೆ. ಟ್ಯೂಲಿಪ್ ತೋಟ ಕೊಯ್ಕನ್‌ಹೋಫ್ ಊರಾಚೆ, ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ. ಟಿಕೆಟ್ ಮೊದಲೇ ತೆಗೆದು, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ರೈಕ್ಸ್‌ಮ್ಯೂಸಿಯಂಗೆ 18ರ ಒಳಗಿನವರಿಗೆ ಉಚಿತ, ಆದರೆ ಚಿಕ್ಕ ಮಗುವಿಗೆ ಒಂದು ಗಂಟೆಗಿಂತ ಜಾಸ್ತಿ ಬೇಡ. ಐದರಲ್ಲಿ ಒಂದು ದಿನ ಖಾಲಿ ಬಿಡಿ, ಅದು ಹೇಗೂ ತುಂಬುತ್ತದೆ.

ಮಳೆಗೆ ನಾವು ಹೆದರುವವರಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಅಲ್ಲಿ 900ರ ಸುತ್ತಮುತ್ತ. ಆದರೆ ಆ ಮಳೆ ಗಾಳಿಯ ಜೊತೆ ಓರೆಯಾಗಿ ಬರುತ್ತದೆ, ತಣ್ಣಗಿರುತ್ತದೆ, ಕೊಡೆ ನಿಲ್ಲುವುದಿಲ್ಲ. ಟೋಪಿ ಇರುವ ರೈನ್‌ಕೋಟ್, ಬೆಚ್ಚಗಿನ ಒಳಂಗಿ, ಒಂದು ಜೊತೆ ಜಾಸ್ತಿ ಕಾಲುಚೀಲ ಇರಲಿ.

ಹೆದರಬೇಕಾದ್ದು ಸೈಕಲ್ಲಿಗೆ. ಕೆಂಪು ಬಣ್ಣದ ದಾರಿ ಅಂದರೆ ಸೈಕಲ್ ದಾರಿ. ಸದ್ದಿಲ್ಲದೆ, ಜೋರಾಗಿ, ಎರಡೂ ಕಡೆಯಿಂದ ಬರುತ್ತವೆ. ಟ್ರಾಮ್ ಇಳಿದ ತಕ್ಷಣ ಮಗುವಿನ ಕೈ ಹಿಡಿಯಿರಿ. ಕಾಲುವೆಗಳಿಗೆ ಹೆಚ್ಚಿನ ಕಡೆ ಕಟಕಟೆ ಇಲ್ಲ, ಅಂಚಿನವರೆಗೂ ಕಲ್ಲು ಹಾಸು, ಆಮೇಲೆ ನೀರು. ಅಲ್ಲಿ ನಡೆಯುವಾಗ ಮಗು ಗೋಡೆ ಕಡೆ, ನೀವು ನೀರಿನ ಕಡೆ.

ಊಟಕ್ಕೆ ಪರದಾಡಬೇಕಿಲ್ಲ. 1873ರಿಂದ, ಆಗ ಡಚ್ಚರ ಆಳ್ವಿಕೆಯಲ್ಲಿದ್ದ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗಿನಲ್ಲಿ ಕೂಲಿಗೆ ಹೋದ ಭಾರತೀಯರ ಮೊಮ್ಮಕ್ಕಳು ಈಗ ನೆದರ್‌ಲ್ಯಾಂಡ್ಸ್‌ನಲ್ಲಿ ತುಂಬಾ ಇದ್ದಾರೆ. ಸುರಿನಾಮಿ ಹೋಟೆಲುಗಳಲ್ಲಿ ರೊಟ್ಟಿ, ಆಲೂಗಡ್ಡೆ, ಉದ್ದನೆಯ ಬೀನ್ಸ್ ಪಲ್ಯ ಸಿಗುತ್ತದೆ, ಖಾರ ಕಡಿಮೆ ಅಂತ ಮೊದಲೇ ಹೇಳಿ. ಆಮೇಲೆ ಪೊಫರ್ಚೆಸ್. ಗುಳಿ ಗುಳಿ ಇರುವ ಕಾವಲಿ, ಅದರ ಮೇಲೆ ಹಿಟ್ಟು ಹುಯ್ಯುತ್ತಾ ಹೋಗಿ ಕಡ್ಡಿಯಲ್ಲಿ ಪಟಪಟ ತಿರುಗಿಸಿ ಹಾಕುತ್ತಾರೆ. ನಮ್ಮ ಪಡ್ಡು ಕಾವಲಿಯೇ! ಬೆಣ್ಣೆ, ಸಕ್ಕರೆ ಪುಡಿ ಉದುರಿಸಿ ಕೊಡುತ್ತಾರೆ. ಮೊಟ್ಟೆ ಇರುತ್ತದೆ, ತಿನ್ನದವರು ಕೇಳಿ ತೆಗೆದುಕೊಳ್ಳಿ. ಮಗಳು ತಟ್ಟೆ ಖಾಲಿ ಮಾಡಿ ಅಜ್ಜಿಗೆ ವಿಡಿಯೊ ಕಾಲ್ ಮಾಡಿಸಿ, ಖಾಲಿ ತಟ್ಟೆಯನ್ನೇ ತೋರಿಸಿದಳು.

ವಾಪಸ್ ಬರುವಾಗ ಬೆಂಗಳೂರಿನಲ್ಲಿ ಇಳಿಯುವುದು ರಾತ್ರಿ ತಡವಾಗಿಯೇ ಆಗಬಹುದು. ಹಾಗೇ ಕಾರು ಹತ್ತಿ ಶಿವಮೊಗ್ಗಕ್ಕೆ ಹೊರಡಬೇಡಿ, ಡ್ರೈವರಿಗೂ ನಿದ್ದೆ ಇರುವುದಿಲ್ಲ. ಮಲಗಿ, ತಿಂಡಿ ತಿಂದು ಹೊರಡಿ. ಶಾಲೆಗೆ ಕಳಿಸುವ ಮೊದಲು ಮೂರು ನಾಲ್ಕು ದಿನ ಇಟ್ಟುಕೊಳ್ಳಿ, ಏಕೆಂದರೆ ಈ ಸಲ ನಿದ್ದೆ ಉಲ್ಟಾ: ರಾತ್ರಿ ಹನ್ನೆರಡಾದರೂ ಅವಳು ಹಾಸಿಗೆ ಮೇಲೆ ಕೂತು, ನಾಳೆ ಲಾಂಚಿಗೆ ಹೋಗೋಣವಾ ಅಂತ ಕೇಳುತ್ತಿದ್ದಳು.