ಹೊಳೆಯುವ ಹಳೇ ದೋಣಿ: ಕೊಳ್ಳುವ ಮುಂಚೆ ನಾನು ತಟ್ಟಿ ನೋಡಿದ್ದು

ಮೊದಲ ಸಲ ಹೋದಾಗ ನಾನು ವಾರ್ನಿಷ್ ನೋಡಿಯೇ ಮರುಳಾದೆ. 22 ಅಡಿ ಉದ್ದದ ಮೋಟಾರು ದೋಣಿ, ಮಹಾಗನಿ ಹಲಗೆ, ಮುಖ ಕಾಣುವಷ್ಟು ಹೊಳಪು. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಮುಂಗಡ ಕೊಡಲು ಕೈ ಜೇಬಿಗೆ ಹೋಗಿತ್ತು. ಮರದ ದೋಣಿ ರಿಪೇರಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ಗೆಳೆಯರೊಬ್ಬರು ಜೊತೆಗಿದ್ದರು. ಅವರು ಮೆಲ್ಲಗೆ, "ಬಣ್ಣದ ವಾಸನೆ ಇನ್ನೂ ಹೋಗಿಲ್ಲ ಮಾರಾಯ. ಮಾರೋ ಹೊತ್ತಲ್ಲಿ ಯಾಕೆ ಬಳಿದ್ರು ಅಂತ ಯೋಚ್ನೆ ಮಾಡು" ಅಂದರು. ಕೈ ಜೇಬಿನಿಂದ ಹೊರಗೆ ಬಂತು.

ಎರಡನೇ ಸಲ ಬೇಕಂತಲೇ ಮಳೆ ಬಂದ ಮರುದಿನ ಹೋದೆ. ಟಾರ್ಚ್, ಪುಟ್ಟ ಕನ್ನಡಿ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್, ದಬ್ಬಳ, ಸೀಮೆಸುಣ್ಣ. ಇಷ್ಟೇ ಸಾಮಾನು.

ಮಳೆ ಯಾಕೆ ಅಂದರೆ, ದೋಣಿಯನ್ನು ಕೊಳೆಸುವುದು ಹೆಚ್ಚಾಗಿ ಕೆಳಗಿನ ನೀರಲ್ಲ, ಮೇಲಿಂದ ಬೀಳುವ ನೀರು. ಮರ ತಿನ್ನುವ ಬೂಸ್ಟಿಗೆ ತೇವ ಬೇಕು, ಗಾಳಿಯೂ ಬೇಕು. ಮರದ ತೇವಾಂಶ ಶೇಕಡಾ 20 ದಾಟದೆ ಅದು ಸಾಮಾನ್ಯವಾಗಿ ಬೆಳೆಯೋದಿಲ್ಲ. ಪೂರ್ತಿ ನೀರಲ್ಲಿ ಮುಳುಗಿದ ಮರಕ್ಕೆ ಗಾಳಿ ಸಿಗೋದಿಲ್ಲ. ಉಪ್ಪು ನೀರಂತೂ ಬೂಸ್ಟಿಗೆ ಅಷ್ಟಾಗಿ ಒಗ್ಗೋದಿಲ್ಲ. ಆದರೆ ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ, ಬಿರುಕಲ್ಲಿ ಇಳಿದು ಗಾಳಿಯಾಡದ ಮೂಲೆಯಲ್ಲಿ ನಿಂತ ಮಳೆನೀರು? ಬೂಸ್ಟಿಗೆ ಅದೇ ಹಬ್ಬ. ಎಲ್ಲರೂ ಬಗ್ಗಿ ತಳ ನೋಡ್ತಾರೆ, ನಾನೂ ಮೊದಲು ಹಾಗೇ ಮಾಡಿದ್ದು. ಈ ಸಲ ಡೆಕ್ಕಿನ ಅಂಚು, ಕಿಟಕಿಯ ಕೆಳಮೂಲೆ, ಹಿಂಬದಿಯ ಅಡ್ಡ ಹಲಗೆ ಅಂತ ಮೇಲಿಂದ ಶುರು ಮಾಡಿದೆ.

ಅದಕ್ಕೂ ಮುಂಚೆ 20 ಹೆಜ್ಜೆ ದೂರ ನಿಂತು ಸುಮ್ನೆ ನೋಡಿದೆ. ಅಂಚಿನ ಗೆರೆ ಮುಂದಿನಿಂದ ಹಿಂದಿನವರೆಗೆ ಒಂದೇ ನಯವಾದ ಬಾಗಿನಲ್ಲಿ ಇರಬೇಕು. ನಡು ಉಬ್ಬಿ ಎರಡೂ ತುದಿ ಜೋತುಬಿದ್ದಿದ್ದರೆ ಬೆನ್ನುಮೂಳೆಯೇ ಸೋತಿದೆ ಅಂತ. ದಡದಲ್ಲಿ ಆನಿಕೆ ಸರಿ ಇಲ್ಲದಿದ್ದರೂ ಹಾಗೆ ಕಾಣಬಹುದು, ಅದಕ್ಕೇ ಆನಿಕೆಯನ್ನೂ ನೋಡಿಕೊಂಡೆ. ಆ ಬೆನ್ನುಮೂಳೆಯ, ಅಂದರೆ ತಳದ ಉದ್ದ ಮರವಾದ ಕೀಲ್‌ನ, ಉದ್ದಕ್ಕೂ ದಾರ ಎಳೆದು ಹಿಡಿದೆವು. ನೆಟ್ಟಗಿತ್ತು.

ಆಮೇಲೆ ತಟ್ಟುವ ಕೆಲಸ. ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಗೇಣಿಗೊಂದು ಏಟು. ಗಟ್ಟಿ ಮರ ಟಣ್ ಅನ್ನುತ್ತೆ. ಅರ್ಧ ಗಂಟೆ ಟಣ್ ಟಣ್ ಕೇಳಿ ಕಿವಿ ಮಂಕಾಗಿತ್ತು. ಹಿಂಬದಿಯ ಎಡ ಮೂಲೆಗೆ ಬಂದಾಗ ದೊಪ್ ಅಂತು. ಇನ್ನೊಂದು ಸಲ ತಟ್ಟಿದೆ. ದೊಪ್. ಸೀಮೆಸುಣ್ಣದಲ್ಲಿ ಸುತ್ತು ಗೆರೆ ಹಾಕುತ್ತಾ ಹೋದರೆ ಎರಡು ಅಂಗೈ ಅಗಲದ ಜಾಗ. ಹೊರಗಡೆ ವಾರ್ನಿಷ್ ಕನ್ನಡಿಯ ಹಾಗೆ ಹೊಳೆಯುತ್ತಲೇ ಇತ್ತು! ಮಾಲೀಕರನ್ನು ಕೇಳಿ, ಗೀರು ಕಾಣದ ಹಾಗೆ ಒಳಗಡೆಯಿಂದ ದಬ್ಬಳ ಚುಚ್ಚಿದೆ. ಥರ್ಮೋಕೋಲಿಗೆ ಚುಚ್ಚಿದ ಹಾಗೆ ಅರ್ಧ ಇಂಚು ಇಳಿಯಿತು. ಮೀಟಿದರೆ ಮರ ಪುಡಿ ಪುಡಿಯಾಗಿ, ತುಂಡು ತುಂಡಾಗಿ ಬಂತು. ಗಟ್ಟಿ ಮರವನ್ನು ಮೀಟಿದರೆ ಉದ್ದನೆ ಸಿಬಿರು ಏಳುತ್ತೆ. ಆ ವ್ಯತ್ಯಾಸ ಒಮ್ಮೆ ಕೈಗೆ ಗೊತ್ತಾದರೆ ಮರೆಯೋದಿಲ್ಲ.

ಹಲಗೆಗಿಂತ ನನಗೆ ಹೆದರಿಕೆ ಇದ್ದಿದ್ದು ಸ್ಕ್ರೂಗಳದ್ದು. ಸಾವಿರಾರು ಸ್ಕ್ರೂ, ಎಲ್ಲವೂ ಮರದೊಳಗೆ, ಒಂದೂ ಕಣ್ಣಿಗೆ ಬೀಳೋದಿಲ್ಲ. ನೀರಿನ ಮಟ್ಟದ ಕೆಳಗೆ ಬೇರೆ ಬೇರೆ ಕಡೆ ಐದನ್ನು ಬಿಚ್ಚಿಸಿದೆ. ಮಾಲೀಕರ ಮುಖ ಸಣ್ಣಗಾಯಿತು, ಪಾಪ. ಆದರೆ ಇದೊಂದನ್ನು ಬಿಟ್ಟುಕೊಡಬಾರದು ಅಂತ ಮೊದಲೇ ನಿರ್ಧರಿಸಿದ್ದೆ. ನಾಲ್ಕು ಕಂಚಿನವು, ಎಳೆ ಸವೆಯದೆ ಬಂದವು. ಐದನೆಯದು ಯಾರೋ ರಿಪೇರಿಯಲ್ಲಿ ಹಾಕಿದ ಹಿತ್ತಾಳೆ ಸ್ಕ್ರೂ. ಅರ್ಧಕ್ಕೇ ಮುರಿಯಿತು. ಮುರಿದ ಕಡೆ ಗುಲಾಬಿ ಬಣ್ಣ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಉಪ್ಪು ನೀರಲ್ಲಿ ಸತು ಕರಗಿ ಹೋಗಿ ಸ್ಪಂಜಿನಂಥ ತಾಮ್ರ ಉಳಿಯುತ್ತೆ, ಅದೇ ಆ ಗುಲಾಬಿ. ಆ ರಿಪೇರಿ ಎಲ್ಲಿಂದ ಎಲ್ಲಿವರೆಗೆ ಆಗಿದೆ ಅಂತ ಹುಡುಕಿ, ಅದಷ್ಟೂ ಬದಲಿಸಬೇಕು ಅಂತ ಬರೆದುಕೊಂಡೆ.

ಒಳಗೆ ಮಲಗಿ ಟಾರ್ಚ್ ಬಿಟ್ಟು ಪಕ್ಕೆಲುಬಿನಂಥ ಫ್ರೇಮುಗಳನ್ನು ಒಂದೊಂದಾಗಿ ಎಣಿಸಿದೆ. ತಳ ಬಾಗಿ ಮೇಲೆ ಏಳುವ ಜಾಗದಲ್ಲೇ ಬಿರುಕು ಬರೋದು. ಮೂರು ಒಡೆದಿದ್ದವು. ಅಕ್ಕಪಕ್ಕದ ಎರಡಕ್ಕೆ ಹಿಂದೆ ಯಾರೋ ಜೋಡಿ ಮರ ಕಟ್ಟಿದ್ದರು, ಚೆನ್ನಾಗೇ ಕಟ್ಟಿದ್ದರು. ರಿಪೇರಿ ಆಗಿದೆ ಅನ್ನೋದು ದೋಷವಲ್ಲ. ಮುಚ್ಚಿಟ್ಟ ರಿಪೇರಿ ದೋಷ.

ಹಲಗೆ ಸಂದುಗಳಲ್ಲಿ ಬೆಳಕು ಕಾಣಿಸಿತು. ಅದಕ್ಕೆ ಗಾಬರಿಯಾಗಲಿಲ್ಲ. ತಿಂಗಳುಗಟ್ಟಲೆ ದಡದಲ್ಲಿ ಒಣಗಿದ ದೋಣಿ ಹಾಗೇ ಇರುತ್ತೆ, ನೀರಿಗಿಳಿಸಿದರೆ ಮರ ಊದಿ ಸಂದು ಮುಚ್ಚಿಕೊಳ್ಳುತ್ತೆ. ಆ ಒಣ ಸಂದಿಗೆ ಕಲ್ಲಿನಂಥ ಪುಟ್ಟಿ ತುಂಬಿದ್ದರೆ ಕಷ್ಟ. ಊದೋಕೆ ಜಾಗ ಸಿಗದೆ ಹಲಗೆಗಳು ಸ್ಕ್ರೂ ಕಿತ್ತುಕೊಂಡು ಹೊರಗೆ ತಳ್ಳುತ್ತವೆ. ಇನ್ನು ಹಳೇ ಹಲಗೆಯ ಮೇಲೆ ಫೈಬರ್‌ಗ್ಲಾಸ್ ಹೊದಿಸಿದ ದೋಣಿಯನ್ನು ನಾನಂತೂ ಮುಟ್ಟೋದಿಲ್ಲ. ಒಳಗೆ ಏನು ಕೊಳೀತಿದೆ ಅಂತ ತಟ್ಟಿದರೂ ಗೊತ್ತಾಗಲ್ಲ.

ನೀರಲ್ಲಿ ದೋಣಿಯ ಬೇರೆ ಲೋಹಗಳ ಬದಲು ತಾವೇ ಸವೆಯಲಿ ಅಂತ ಹಾಕುವ ಸತುವಿನ ಗಟ್ಟಿಗಳು ಅರ್ಧ ಸವೆದಿದ್ದವು, ಅದು ಒಳ್ಳೇ ಲಕ್ಷಣ. ಅವು ಹೊಸದರ ಹಾಗೇ ಇದ್ದಿದ್ದರೆ ಒಂದೋ ಮೊನ್ನೆ ಹಾಕಿದ್ದು, ಇಲ್ಲಾ ಅದರ ಮೇಲೂ ಬಣ್ಣ ಬಳಿದಿದ್ದಾರೆ ಅಂತ. ಪ್ರೊಪೆಲ್ಲರ್ ಹಿಡಿದು ಅಲುಗಾಡಿಸಿದೆ, ಸ್ವಲ್ಪ ಲಟಲಟ. ಬೇರಿಂಗ್ ಬದಲಿಸಿದರೆ ಆಯ್ತು.

ಎಂಜಿನ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ, ಎಂಜಿನ್ ಬದಲಿಸಬಹುದು. ಒಂದೇ ಷರತ್ತು ಹಾಕಿದ್ದೆ: ನಾನು ಬರುವ ಮುಂಚೆ ಶುರು ಮಾಡಿರಬಾರದು. ಮೊದಲು ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಆಯಿಲ್ ಕಡ್ಡಿ ಎಳೆದೆ. ಹಾಲಿನ ಬಣ್ಣ ಇದ್ದಿದ್ದರೆ ನೀರು ಸೇರಿದೆ ಅಂತ, ಇರಲಿಲ್ಲ. ಪೆಟ್ರೋಲ್ ಎಂಜಿನ್ ಆದ್ದರಿಂದ ನಾಲ್ಕು ನಿಮಿಷ ಬ್ಲೋವರ್ (ತಳದ ಗಾಳಿ ಹೊರಹಾಕುವ ಫ್ಯಾನ್) ಹಾಕಿ, ಮೂಗಿಟ್ಟು ನೋಡಿ, ಆಮೇಲೆ ಕೀ ತಿರುಗಿಸಿದ್ದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ. ಹೊಗೆ ಮೊದಲು ನೀಲಿ, ಐದು ನಿಮಿಷಕ್ಕೆ ತಿಳಿಯಾಯಿತು. ಎಂಜಿನ್ ಕೂತಿದ್ದ ಮರದ ದಿಮ್ಮಿಗಳನ್ನು ಮಾತ್ರ ಬಿಡದೆ ತಟ್ಟಿದೆ. ಟಣ್.

ಪಟ್ಟಿಯನ್ನು ಮಾಲೀಕರ ಮುಂದಿಟ್ಟೆ. ಮೂಲೆಯ ಸೀಮೆಸುಣ್ಣದ ಗೆರೆಯನ್ನು ಅವರು ಬೆರಳಿನಿಂದ ಸವರಿ ನೋಡಿದರು, ತಾವೇ ದಬ್ಬಳ ತಗೊಂಡು ಒಂದು ಸಲ ಚುಚ್ಚಿದರು. ಬೆಲೆಯ ಮಾತು ಆಮೇಲೆ ಬೇಗ ಮುಗಿಯಿತು. ದೋಣಿ ನನ್ನದಾಯಿತು.

ಇಷ್ಟೆಲ್ಲಾ ನೋಡಿದವನು ನೋಡದೇ ಬಿಟ್ಟಿದ್ದು ಪೆಟ್ರೋಲ್ ಟ್ಯಾಂಕಿನ ಅಡಿ. ಕನ್ನಡಿ ಅಲ್ಲಿಗೆ ಹೋಗಲಿಲ್ಲ, ನಾನೂ ಹಟ ಹಿಡಿಯಲಿಲ್ಲ. ಮೂರನೇ ತಿಂಗಳು ಟ್ಯಾಂಕ್ ಎತ್ತಿದಾಗ, ಮರದ ಮೇಲೆ ಕೂತಿದ್ದ ಜಾಗದಲ್ಲಿ ತಗಡು ತುಕ್ಕು ತಿಂದು ಕಾಗದದಷ್ಟು ತೆಳ್ಳಗಾಗಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು.