ಭುಜ ಜಾರಿದ ಮೇಲೆ ಮತ್ತೆ ಕಬಡ್ಡಿ ಅಂಕಣಕ್ಕೆ: ನನ್ನ ಅನುಭವ

ಕಬಡ್ಡಿಯಲ್ಲಿ ಚೈನ್ ಟ್ಯಾಕಲ್‌ಗೆ ಹೋಗುವವನ ಕೈಯನ್ನು ಸ್ವಲ್ಪ ಗಮನಿಸಿ. ಪಕ್ಕದವನ ಕೈ ಹಿಡಿದು ತೋಳು ಅಗಲಕ್ಕೆ ಚಾಚಿರುತ್ತದೆ. ಎದುರು ತಂಡದಿಂದ ದಾಳಿಗೆ ಬಂದ ರೈಡರ್ ಸರಿಯಾಗಿ ಆ ಕೊಂಡಿಗೇ ನುಗ್ಗಿದರೆ ಅವನ ಮೈಭಾರವೆಲ್ಲ ಸೇರಿ ತೋಳನ್ನು ಹಿಂದಕ್ಕೆ ತಿರುಚಿ ತಳ್ಳುತ್ತದೆ. ಭುಜ ಜಾರಲು ಇದಕ್ಕಿಂತ ಅನುಕೂಲದ ಭಂಗಿ ಬೇರೆ ಬೇಡ. ಒಂದು ಹೊನಲು ಬೆಳಕಿನ ಪಂದ್ಯದಲ್ಲಿ, ರೈಟ್ ಕವರ್, ಅಂದರೆ ಹಿಡಿಯುವವರ ಸಾಲಿನ ಬಲಭಾಗದಲ್ಲಿ, ಆಡುತ್ತಿದ್ದ ನನ್ನ ಬಲಭುಜ ಹೀಗೆಯೇ ಜಾರಿತು. ಆಗ ನನಗೆ ಮೂವತ್ತು ದಾಟಿತ್ತು.

ಏನಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಭುಜದ ದುಂಡು ಹೋಗಿ ಮೂಲೆಯಾಗಿತ್ತು, ಅದರ ಕೆಳಗೆ ಬೆರಳು ಇಳಿಯುವಷ್ಟು ಗುಳಿ. ಕೈಯನ್ನು ಮೈಗೆ ತಾಗಿಸಲು ಆಗುತ್ತಿರಲಿಲ್ಲ, ಎಡಗೈಯಲ್ಲಿ ಎತ್ತಿ ಹಿಡಿದುಕೊಂಡೇ ಕೂತಿದ್ದೆ. ಊರಿನ ಹಿರಿಯರೊಬ್ಬರು ಲುಂಗಿ ಮೇಲಕ್ಕೆ ಕಟ್ಟಿಕೊಂಡು ಬಂದರು. "ಹೆದರ್ಬೇಡ ಮಾರಾಯ, ಒಂದು ಎಳೆತ ಎಳೆದರೆ ಕೂತುಕೊಳ್ತದೆ."

"ಬೇಡ ಮಾವ, ಮುಟ್ಟಬೇಡಿ" ಎಂದೆ. ಅವರಿಗೆ ಬೇಸರವಾಯಿತು. ಆದರೆ ಕೀಲು ಜಾರುವಾಗ ಮೂಳೆಯೂ ಬಿರುಕು ಬಿಟ್ಟಿರಬಹುದು, ಅದು ಎಕ್ಸ್‌ರೇ ಇಲ್ಲದೆ ಗೊತ್ತಾಗುವುದಿಲ್ಲ. ಮುರಿದ ಮೂಳೆಯನ್ನು ಎಳೆದರೆ ಪಕ್ಕದಲ್ಲೇ ಹಾದುಹೋಗುವ ನರ, ರಕ್ತನಾಳಕ್ಕೆ ಪೆಟ್ಟು. ಕೂರಿಸುವುದರಲ್ಲಿ ನಾಟಿ ಕೈಗುಣದವರು ನಿಪುಣರೇ ಇರಬಹುದು, ಮೈದಾನದಲ್ಲಿ ಎಕ್ಸ್‌ರೇ ಇರುವುದಿಲ್ಲ ಅಷ್ಟೇ. ಕೈ ಇದ್ದ ಸ್ಥಿತಿಯಲ್ಲೇ ಒಂದು ಬೈರಾಸಿನಲ್ಲಿ ಕಟ್ಟಿಸಿಕೊಂಡು ಹೊರಟೆ. ಯಾರೋ ನೀರು ಕೊಡಲು ಬಂದರು, ಕುಡಿಯಲಿಲ್ಲ. ಮಂಪರು ಬರಿಸಿ ಕೂರಿಸುವುದಾದರೆ ಹೊಟ್ಟೆ ಖಾಲಿ ಇದ್ದಷ್ಟೂ ಒಳ್ಳೆಯದು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಮಾಡಿದ್ದು ತೋಳಿನ ಹೊರಮೈಯನ್ನು, ಅಂಗಿಯ ತೋಳಿಗೆ ಬಿಲ್ಲೆ ಹೊಲಿಯುವ ಜಾಗವನ್ನು, ಹತ್ತಿಯಿಂದ ಸವರಿ "ಗೊತ್ತಾಗ್ತದಾ?" ಎಂದು ಕೇಳಿದ್ದು. ಕೀಲು ಜಾರುವಾಗ ಅಲ್ಲಿನ ನರ ಎಳೆದುಕೊಂಡಿದ್ದರೆ ಆ ಜಾಗ ಜೋಮು ಹಿಡಿದಿರುತ್ತದಂತೆ. ಎಕ್ಸ್‌ರೇ ನೋಡಿ, ಸೂಜಿ ಕೊಟ್ಟು, ಮೊಣಕೈ ಮಡಿಸಿ ಕೈಯನ್ನು ಅವಸರವಿಲ್ಲದೆ ಹೊರಕ್ಕೆ ತಿರುಗಿಸುತ್ತ ಹೋದರು. ಒಳಗೆಲ್ಲೋ 'ಟಕ್' ಎಂದಿತು. ಅಷ್ಟು ಹೊತ್ತು ಹಲ್ಲು ಕಚ್ಚಿಸಿದ್ದ ನೋವು ಮುಕ್ಕಾಲು ಪಾಲು ಅಲ್ಲೇ ಇಳಿಯಿತು. ಸರಿಯಾಗಿ ಕೂತಿದೆಯೇ ಎಂದು ಇನ್ನೊಂದು ಎಕ್ಸ್‌ರೇ, ಕುತ್ತಿಗೆಗೆ ಸ್ಲಿಂಗ್, ಮನೆಗೆ.

ಇಲ್ಲಿಗೆ ಕತೆ ಮುಗಿಯಿತೆಂದು ಮನೆಯವರೆಲ್ಲ ತಿಳಿದರು. ಭುಜದ ಕೀಲಿನ ರಚನೆ ಗೊತ್ತಿದ್ದರೆ ಹಾಗೆ ತಿಳಿಯುತ್ತಿರಲಿಲ್ಲ. ಶಾಲೆಯ ಕ್ರೀಡಾಕೂಟದಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟು ಓಡುತ್ತಿದ್ದೆವಲ್ಲ, ಹೆಚ್ಚುಕಡಿಮೆ ಹಾಗೆ: ತೋಳುಮೂಳೆಯ ಗುಂಡು ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಚಪ್ಪಟೆ. ಗುಳಿಯ ಅಂಚಿಗೆ ಲೇಬ್ರಮ್ ಎಂಬ ಮೆತ್ತನೆಯ ಕಟ್ಟು, ಸುತ್ತ ಅಸ್ಥಿರಜ್ಜು ಮತ್ತು ಸ್ನಾಯುಗಳು. ಹಿಡಿದಿಡುವುದೆಲ್ಲ ಇವೇ. ಸುಮಾರು ನೂರಕ್ಕೆ ತೊಂಬತ್ತೈದು ಜನರಲ್ಲಿ ಭುಜ ಜಾರುವುದು ಮುಂದಕ್ಕೆ, ಹಾಗೆ ಜಾರುವಾಗ ಮುಂದಿನ ಅಂಚಿನ ಲೇಬ್ರಮ್ ಕಿತ್ತು ಬರುವುದು ಸಾಮಾನ್ಯ. ಇದನ್ನು 1923ರಲ್ಲಿ ವಿವರಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ ಹೆಸರಿನಲ್ಲೇ ಇವತ್ತಿಗೂ ಎಂಆರ್‌ಐ ವರದಿಯಲ್ಲಿ 'ಬ್ಯಾಂಕಾರ್ಟ್ ಲೀಶನ್' ಎಂದು ಬರೆಯುತ್ತಾರೆ. ನನ್ನ ವರದಿಯಲ್ಲೂ ಇತ್ತು, ಚಿಕ್ಕದು. ಮೂಳೆ ಸವೆದಿರಲಿಲ್ಲ. ಮೊದಲ ಸಲ ಜಾರಿದ್ದು, ವಯಸ್ಸು ಮೂವತ್ತರ ಮೇಲೆ, ಹಾಗಾಗಿ ಮೊದಲು ವ್ಯಾಯಾಮದಲ್ಲಿ ನೋಡೋಣ ಎಂದರು ಡಾಕ್ಟರು. ಒಪ್ಪಿದೆ.

ಸ್ಲಿಂಗ್ ಹಾಕಿದ್ದು ಮೂರು ವಾರ. ಆ ಕಾಲದ ಕಷ್ಟಗಳನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದು ಕೈಯಲ್ಲಿ ಲುಂಗಿ ಕಟ್ಟಿ ನೋಡಿ, ಗೊತ್ತಾಗುತ್ತದೆ. ಎಲಾಸ್ಟಿಕ್ ಚಡ್ಡಿಯೇ ಗತಿ. ಅಂಗಿಯಾದರೆ ಮುಂದೆ ಗುಂಡಿ ಇರುವುದೇ ಆಗಬೇಕು: ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಅದೇ ಕೊನೆಗೆ. ಸ್ನಾನಕ್ಕೆ ಸೊಂಟದಿಂದ ಮುಂದಕ್ಕೆ ಬಾಗಿ ಕೈಯನ್ನು ಇಳಿಬಿಟ್ಟರೆ ಕಂಕುಳಿಗೆ ಜಾಗವಾಗುತ್ತದೆ. ಅಲ್ಲಿ ತೊಳೆದು ಒರೆಸದಿದ್ದರೆ ನಮ್ಮ ಕರಾವಳಿಯ ಸೆಕೆಗೆ ಚರ್ಮ ಕಿತ್ತುಬರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಎಡಗೈಯಲ್ಲಿ ಉಂಡರೆ ನೋಡುವವರಿಗೆ ಕಣ್ಣುರಿ, ಚಮಚ ಕೇಳಿದೆ. ಎಲ್ಲಕ್ಕಿಂತ ಕೆಟ್ಟದ್ದು ರಾತ್ರಿ. ಅಂಗಾತ ಮಲಗಿದರೆ ಮೊಣಕೈ ಹಾಸಿಗೆಗೆ ಇಳಿದು ಭುಜ ಮುಂದಕ್ಕೆ ದೂಡಿದಂತಾಗುತ್ತದೆ. ಬೆನ್ನಿಗೆ ದಿಂಬು ಪೇರಿಸಿ ಅರೆ ಕೂತಂತೆ ಒರಗಿ, ಮೊಣಕೈ ಕೆಳಗೆ ಮಡಿಸಿದ ಹೊದಿಕೆ ಇಟ್ಟ ಮೇಲೆ ನಿದ್ದೆ ಹತ್ತಿತು.

ಸ್ಲಿಂಗ್ ಇದ್ದಾಗಲೂ ಕೈ ಸುಮ್ಮನೆ ಇರಿಸುವ ಹಾಗಿಲ್ಲ. ಬೆರಳು ಮಡಿಸು, ಮಣಿಕಟ್ಟು ತಿರುಗಿಸು, ದಿನಕ್ಕೆ ಕೆಲವು ಸಲ ಮೊಣಕೈ ಪೂರ್ತಿ ಬಿಡಿಸು, ಬೆನ್ನಿನ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಎಳೆದು ಹಿಡಿ. ಕೆಲವು ದಿನ ಕಳೆದ ಮೇಲೆ ಲೋಲಕದ ವ್ಯಾಯಾಮ: ಮೇಜಿಗೆ ಎಡಗೈ ಊರಿ ಬಾಗಿ, ಬಲಗೈಯನ್ನು ಜೋತುಬಿಟ್ಟು, ಮೈಯನ್ನು ತೂಗಿ ಕೈ ತಾನಾಗಿ ಸುತ್ತುವಂತೆ ಮಾಡುವುದು. ಅಮ್ಮ ಮುರಿವೆಣ್ಣ ಎಂಬ ಆಯುರ್ವೇದದ ನೋವಿನೆಣ್ಣೆ ಬಿಸಿಮಾಡಿ ತಂದರು. ಬೇಡ ಎನ್ನಲು ಮನಸ್ಸಾಗಲಿಲ್ಲ, ಹಗುರಾಗಿ ಸವರಿಸಿಕೊಂಡೆ. ಉಜ್ಜಲು, ಎಳೆದು ನೀವಲು ಮಾತ್ರ ಬಿಡಲಿಲ್ಲ.

ಸ್ಲಿಂಗ್ ತೆಗೆದಾಗ ನೋವು ಹೆಚ್ಚೇನೂ ಇರಲಿಲ್ಲ. ತಂಡದ ಹುಡುಗರು "ಅಣ್ಣ, ಮುಂದಿನ ವಾರ ಬರ್ತೀರಲ್ಲ?" ಎಂದರು. ಬಹಳಷ್ಟು ಜನರ ಭುಜ ಎರಡನೇ ಸಲ ಜಾರುವುದು ಇಂಥ ಮಾತಿನಿಂದಲೇ ಎಂದು ನನ್ನ ಅನಿಸಿಕೆ. ನೋವಿಲ್ಲ ಎಂದರೆ ಊತ ಇಳಿದಿದೆ ಎಂದಷ್ಟೇ. ಕನ್ನಡಿಯೆದುರು ಅಂಗಿ ತೆಗೆದು ನಿಂತರೆ ಬಲಭುಜದ ಮಾಂಸ ಎಡಕ್ಕಿಂತ ಕರಗಿದ್ದು ಕಾಣುತ್ತಿತ್ತು. ಕೀಲನ್ನು ಹಿಡಿಯಬೇಕಾದ್ದು ಆ ಮಾಂಸವೇ.

ಮುಂದಿನ ಮೂರು ವಾರ ಚಲನೆ ತರುವುದಕ್ಕೆ. ಬಾವಿಯಿಂದ ನೀರು ಸೇದಬಾರದೆಂದು ಕಟ್ಟಪ್ಪಣೆಯಿತ್ತು, ರಾಟೆ ಮಾತ್ರ ಉಪಯೋಗಕ್ಕೆ ಬಂತು. ಹಳೆಯ ಸಣ್ಣ ರಾಟೆಯನ್ನು ಚಾವಡಿಯ ಪಕ್ಕಾಸಿಗೆ ಕಟ್ಟಿ, ಹಗ್ಗದ ಎರಡು ತುದಿ ಎರಡು ಕೈಯಲ್ಲಿ ಹಿಡಿದು, ಎಡಗೈ ಕೆಳಗೆ ಎಳೆದಂತೆ ಬಲಗೈ ಮೇಲೇರುವಂತೆ ಮಾಡಿಕೊಂಡೆ. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಮೇಲೆ ಹತ್ತಿಸಿ, ಮುಟ್ಟಿದಲ್ಲಿಗೆ ಪೆನ್ಸಿಲ್ ಗೀಟು. ಕೈ ಅಗಲಿಸಿ ಹೊರಕ್ಕೆ ತಿರುಗಿಸುವುದು, ಅಂದರೆ ಚೆಂಡು ಎಸೆಯಲು ಕೈ ಎತ್ತುವ ಭಂಗಿ, ಪೂರ್ತಿ ನಿಷಿದ್ಧ. ಬಸ್ಸಿನ ಮೇಲಿನ ಕಂಬಿ ಹಿಡಿಯುವುದೂ ಅದರಲ್ಲೇ ಬರುತ್ತದೆ.

ಆರು ವಾರದ ನಂತರ ರಬ್ಬರ್ ಬ್ಯಾಂಡ್. ಹಳದಿ, ಆಮೇಲೆ ಕೆಂಪು, ಹಸಿರು, ನೀಲಿ. ಬಣ್ಣ ಬದಲಾದಂತೆ ಬಿಗಿ ಹೆಚ್ಚು. ಫಿಸಿಯೋ ಹುಡುಗಿ ಬಹಳ ಕಟ್ಟುನಿಟ್ಟು. ಕಂಕುಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕೈ ಅದಕ್ಕೆ ಒತ್ತಿಕೊಂಡೇ ಬ್ಯಾಂಡನ್ನು ಹೊರಕ್ಕೆ ಎಳೆಯಬೇಕು. "ಟವೆಲ್ ಬಿತ್ತು ಅಂದ್ರೆ ಮೊಣಕೈ ದೂರ ಹೋಯ್ತು ಅಂತ, ಅದನ್ನು ಲೆಕ್ಕ ಹಿಡಿಯುವುದಿಲ್ಲ" ಎನ್ನುತ್ತಿದ್ದರು. ಎಳೆಯುವುದಕ್ಕಿಂತ ನಿಧಾನ ವಾಪಸ್ ಬಿಡುವುದರಲ್ಲೇ ನಡುಕ ಬರುತ್ತಿತ್ತು. ಬ್ಯಾಂಡ್ ಎಳೆದು ರೆಕ್ಕೆಮೂಳೆ ಹಿಂಡುವುದು, ಗೋಡೆಗೆ ಪುಷ್‌ಅಪ್ ಮಾಡಿ ಕೊನೆಯಲ್ಲಿ ಇನ್ನೊಂದು ಇಂಚು ದೂಡುವುದು, ಇವೂ ಇದ್ದವು. ನಮ್ಮಲ್ಲಿ ಜಿಮ್‌ಗೆ ಹೋಗುವವರು ಎದೆ, ತೋಳು ಎರಡನ್ನೇ ಬೆಳೆಸುತ್ತಾರೆ, ರೆಕ್ಕೆಮೂಳೆ ಸುತ್ತಲಿನದನ್ನು ಕೇಳುವವರಿಲ್ಲ. ಗುಳಿ ಇರುವುದು ಆ ಮೂಳೆಯಲ್ಲೇ, ಅದು ಅಲ್ಲಾಡಿದರೆ ಮೇಲಿನ ಗುಂಡು ಎಲ್ಲಿ ನಿಲ್ಲಬೇಕು?

ಮೂರು ತಿಂಗಳ ಹೊತ್ತಿಗೆ ನೆಲದ ಪುಷ್‌ಅಪ್ ಬಂತು. ಆದರೂ ಮಲಗಿಸಿ, ಕೈ ಅಗಲಿಸಿ ಮೆಲ್ಲಗೆ ಹಿಂದಕ್ಕೆ ತಿರುಗಿಸಿದಾಗ ಒಂದು ಹಂತದಲ್ಲಿ ನನ್ನ ಇನ್ನೊಂದು ಕೈ ತಾನಾಗಿ ಬಂದು ಫಿಸಿಯೋ ಕೈಯನ್ನು ಹಿಡಿಯುತ್ತಿತ್ತು. ನೋವಿಲ್ಲ, 'ಈಗ ಹೋಗುತ್ತದೆ' ಎಂಬ ಅಂಜಿಕೆ ಮಾತ್ರ. ಅದನ್ನು ಪುಕ್ಕಲುತನ ಎಂದು ಹುಡುಗರು ನಗಬಹುದು, ಡಾಕ್ಟರರಿಗೆ ಅದೇ ಪರೀಕ್ಷೆ. ಆ ಅಂಜಿಕೆ ಇರುವ ತನಕ ಅಂಕಣವಿಲ್ಲ ಎಂದರು. ನಾನೂ ಅದನ್ನೇ ಅಳತೆಗೋಲು ಮಾಡಿಕೊಂಡೆ. ಹಾಸಿಗೆ ಮೇಲೆ ಬೀಳುವುದು, ಮೊಣಕಾಲೂರಿ ಆಂಕಲ್ ಹಿಡಿಯುವುದು, ಪರಿಚಯದ ರೈಡರ್‌ಗೆ ಅರ್ಧ ವೇಗದಲ್ಲಿ ಬರಲು ಹೇಳಿ ಬ್ಲಾಕ್ ಮಾಡುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಪೂರ್ತಿ ಆಟಕ್ಕೆ ಇಳಿದದ್ದು ಆರು ತಿಂಗಳಾದ ಮೇಲೆ.

ನನ್ನ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಇಪ್ಪತ್ತರ ಆಸುಪಾಸಿನ, ಮೈ ತಾಗುವ ಆಟ ಆಡುವ ಹುಡುಗರಲ್ಲಿ ಮತ್ತೆ ಜಾರುವ ಸಂಭವ ಬಹಳ ಹೆಚ್ಚು. ಅಂಥವರು ಕೀಹೋಲ್ (ಸಣ್ಣ ರಂಧ್ರದ ಮೂಲಕ ಮಾಡುವ) ಶಸ್ತ್ರಚಿಕಿತ್ಸೆಯ ವಿಷಯ ಮೊದಲೇ ಮಾತಾಡುವುದು ಒಳ್ಳೆಯದು. ನಲವತ್ತು ದಾಟಿದವರಲ್ಲಿ ಮತ್ತೆ ಜಾರುವುದು ಕಡಿಮೆ, ಆದರೆ ಭುಜ ಎತ್ತುವ ಸ್ನಾಯು ಹರಿದಿರುವುದುಂಟು. ಕೆಲವು ವಾರವಾದರೂ ಕೈ ಎತ್ತಲು ಬಲ ಬಾರದಿದ್ದರೆ ಸ್ಕ್ಯಾನ್ ಮಾಡಿಸಲೇಬೇಕು.

ಕೋಚ್ ಈಗ ನನ್ನನ್ನು ಲೆಫ್ಟ್ ಕವರ್‌ಗೆ ಹಾಕಿದ್ದಾರೆ, ಜೋಡಿಯ ಕೈ ಹಿಡಿಯುವುದು ಎಡಗೈ. ಅದೂ ಮೊಣಕೈ ಸ್ವಲ್ಪ ಮಡಿಸಿಯೇ. ಬ್ಯಾಂಡ್ ಎಳೆಯುವುದನ್ನು ವಾರಕ್ಕೆ ಎರಡು ಮೂರು ಸಲ ಈಗಲೂ ಮಾಡುತ್ತೇನೆ, ಎರಡೂ ಕೈಗೆ.