ಮುಚ್ಚಿದ ಪೋರ್ಟುಗಳ ಹಿಂದೆ ನನ್ನ ಮನೆಯ ಸರ್ವರ್

ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳೂ ಸೇರಿದಂತೆ ಕೊಪ್ಪಳದ ಸುತ್ತಲಿನ ಶಾಸನಗಳ ಛಾಯಾಚಿತ್ರಗಳನ್ನು ಹಲವು ವರ್ಷಗಳಿಂದ ಕೂಡಿಹಾಕಿದ್ದೇನೆ. ಅವು ನನ್ನ ಮನೆಯ ಡಿಸ್ಕಿನಲ್ಲೇ ಇರಬೇಕು, ಆಸಕ್ತರಿಗೆ ಅಲ್ಲಿಂದಲೇ ಸಿಗಬೇಕು ಎಂಬ ಹಂಬಲದಿಂದ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ವೆಬ್ ಸರ್ವರ್ ಹಾಕಿ, ರೂಟರಿನಲ್ಲಿ ವೆಬ್ ಕೋರಿಕೆಗಳು ಬರುವ ಬಾಗಿಲುಗಳಾದ 80 ಮತ್ತು 443ನೇ ಪೋರ್ಟುಗಳನ್ನು ಅದಕ್ಕೆ ಫಾರ್ವರ್ಡ್ ಮಾಡಿದೆ. ಮನೆಯ ವೈಫೈಯಲ್ಲಿ ತಾಣ ಸಲೀಸಾಗಿ ತೆರೆಯಿತು. ಗಂಗಾವತಿಯಲ್ಲಿರುವ ತಮ್ಮ ಮಾತ್ರ ತನ್ನ ಮೊಬೈಲಿನಲ್ಲಿ ನೋಡಿ, "ಅಣ್ಣಾ, ಬರೀ ತಿರಗಾಕತ್ತೈತಿ, ಏನೂ ಬರವಲ್ದು" ಎಂದ.

ಎರಡು ದಿನ ಫೈರ್‌ವಾಲನ್ನೇ ತಿದ್ದುತ್ತ ಕಳೆದ ಮೇಲೆ, ಮೊದಲೇ ನೋಡಬೇಕಾಗಿದ್ದ ರೂಟರಿನ ವ್ಯಾನ್ ವಿಳಾಸವನ್ನು, ಅಂದರೆ ಇಂಟರ್ನೆಟ್ ಸೇವಾದಾರರು ಅದಕ್ಕೆ ಕೊಟ್ಟ ಐಪಿ ವಿಳಾಸವನ್ನು, ನೋಡಿದೆ. ಅದು 100.64ರಿಂದ 100.127ರವರೆಗಿನ ವಿಳಾಸಗಳ ಗುಂಪಿಗೆ ಸೇರಿತ್ತು. 2012ರಲ್ಲಿ ಸೇವಾದಾರರ ಒಳಬಳಕೆಗೆಂದು ಮೀಸಲಿಟ್ಟ ಗುಂಪದು. ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುವುದರಿಂದ ಹೊರಗಿನ ಕೋರಿಕೆ ನನ್ನ ರೂಟರನ್ನು ಮುಟ್ಟುವುದೇ ಇಲ್ಲ. ಹೆಚ್ಚು ಹಣ ಕೊಟ್ಟರೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಪಬ್ಲಿಕ್ ವಿಳಾಸ, ಕೊಡುತ್ತೇವೆ, ಆದರೆ ಮನೆಯ ಸಂಪರ್ಕಕ್ಕೆ ಆ ಎರಡು ಪೋರ್ಟುಗಳನ್ನು ತೆರೆಯುವುದಿಲ್ಲ ಎಂದು ಸೇವಾದಾರರು ತಿಳಿಸಿದರು. ಹಾಗಾದರೆ 8443ರಂಥ ಬೇರೆ ಪೋರ್ಟನ್ನು ಬಳಸಬಹುದಿತ್ತು. ಆದರೆ ವಿಳಾಸದ ಕೊನೆಗೆ ಪೋರ್ಟ್ ಸಂಖ್ಯೆಯನ್ನೂ ಬರೆಯಿರಿ ಎಂದು ನಿವೃತ್ತ ಮೇಷ್ಟ್ರುಗಳಿಗೆ ಹೇಳುವುದು ನನಗೆ ಸರಿಕಾಣಲಿಲ್ಲ.

ಒಳಗೆ ಬರಲು ದಾರಿಯಿಲ್ಲದಿದ್ದರೂ ಹೊರಗೆ ಹೋಗಲು ತಡೆಯಿರಲಿಲ್ಲ. ಆದ್ದರಿಂದ ಪಬ್ಲಿಕ್ ಐಪಿ ಇರುವ ಸಣ್ಣ ವಿಪಿಎಸ್ (ದೂರದಲ್ಲಿರುವ ಬಾಡಿಗೆ ಸರ್ವರ್) ಒಂದನ್ನು ಪಡೆದು, ಪೈಯಿಂದಲೇ ಅದಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದಿಂದ ಗೂಢಲಿಪಿಯ ಸುರಂಗ ಹಾಕಿದೆ. ಅದರ ಸೆಟ್ಟಿಂಗ್ ಕಡತದಲ್ಲಿ ಮರೆಯಬಾರದ ಒಂದು ಸಾಲಿದೆ: ಪರ್ಸಿಸ್ಟೆಂಟ್ ಕೀಪ್‌ಅಲೈವ್ 25. ಸಂಚಾರವಿಲ್ಲದೆ ಸ್ವಲ್ಪ ಹೊತ್ತು ಕಳೆದರೆ ಸೇವಾದಾರರ ಉಪಕರಣ ಈ ಸಂಪರ್ಕವನ್ನು ಮರೆತುಬಿಡುತ್ತದೆ. 25 ಸೆಕೆಂಡಿಗೊಮ್ಮೆ ಹೋಗುವ ಪುಟ್ಟ ಪ್ಯಾಕೆಟ್ ಅದನ್ನು ಜೀವಂತವಾಗಿಡುತ್ತದೆ. ಇದನ್ನು ಬರೆಯದಿದ್ದ ಮೊದಲ ವಾರ, ರಾತ್ರಿ ಚೆನ್ನಾಗಿದ್ದ ತಾಣ ಬೆಳಗಾಗುವಷ್ಟರಲ್ಲಿ ತೆರೆಯುತ್ತಿರಲಿಲ್ಲ.

ಎನ್‌ಕ್ರಿಪ್ಷನ್ನನ್ನು ವಿಪಿಎಸ್‌ನಲ್ಲಿ ಬಿಚ್ಚದೆ, 443ಕ್ಕೆ ಬಂದದ್ದನ್ನು ಹಾಗೆಯೇ ಮನೆಗೆ ದಾಟಿಸುತ್ತೇನೆ. ತಾಣದ ಗುರುತನ್ನು ಸಾಬೀತುಪಡಿಸುವ ಖಾಸಗಿ ಕೀಲಿ ಬಾಡಿಗೆ ಯಂತ್ರದಲ್ಲಿರಬಾರದೆಂಬುದು ನನ್ನ ಹಟ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ 90 ದಿನದ ಪ್ರಮಾಣಪತ್ರವನ್ನು ಡಿಎನ್‌ಎಸ್ ಪರಿಶೀಲನೆಯಿಂದ (ತಾಣದ ಹೆಸರಿನ ದಾಖಲೆಯಲ್ಲಿ ಗುರುತು ಬರೆದು) ಪಡೆಯುವುದರಿಂದ ಅದಕ್ಕೆ 80ನೇ ಪೋರ್ಟಿನ ಅಗತ್ಯವೂ ಇಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಚಿತ್ರಗಳು. ಬರಹದ ಪುಟಗಳು ತೆರೆಯುತ್ತಿದ್ದವು, ದೊಡ್ಡ ಚಿತ್ರಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ದೊಡ್ಡ ಪ್ಯಾಕೆಟ್ಟುಗಳು ದಾರಿಯಲ್ಲೇ ಬಿದ್ದುಹೋಗುತ್ತಿದ್ದವು. ಸುರಂಗದ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು, 1420 ಬೈಟ್‌ಗಳಿಂದ 1280ಕ್ಕೆ ಇಳಿಸಿದ ಕೂಡಲೇ ಪಾಲ್ಕಿಗುಂಡಿನ ಬಂಡೆ ತಮ್ಮನ ಮೊಬೈಲಿನಲ್ಲಿ ಪೂರ್ತಿಯಾಗಿ ಮೂಡಿತು.